ಶಿರಸಿಯ ಬೆಟ್ಟದಿಂದ ಹೊನ್ನಾವರದ ಕಾಂಡ್ಲಾವರೆಗೆ, ಮರ ಗುರುತಿಸುವ ಆಪ್ ಜೊತೆ

ಶುಕ್ರವಾರ: ಶಿರಸಿ

ಬೆಳಿಗ್ಗೆ ಐದೂವರೆಗೆ ಶಿರಸಿ ಮುಟ್ಟಬೇಕಿದ್ದ ಬಸ್ಸು ಏಳೂಕಾಲಿಗೆ ಮುಟ್ಟಿತು. ದಾರಿಯಲ್ಲಿ ಎಲ್ಲೋ ಪಂಕ್ಚರ್ ಆಗಿತ್ತಂತೆ, ನನಗೆ ಎಚ್ಚರವೇ ಇರಲಿಲ್ಲ. ಭಾವ ಮಾತ್ರ ರಸ್ತೆ ಬದಿ ನಿಂತು ಟೈರ್ ಬದಲಿಸುವುದನ್ನು ಪೂರ್ತಿ ನೋಡಿದ್ದರು. ಫೆಬ್ರುವರಿ ಬೆಳಗಿನ ಚಳಿ ಇನ್ನೂ ಇತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಬಿಸಿ ಬನ್ಸ್, ಭಾಜಿ, ಮೇಲೊಂದು ಕಷಾಯ ಕುಡಿದ ಮೇಲೆ ಮೈ ಸರಿಯಾಯಿತು.

ಭಾವ ತುಮಕೂರು ಕಡೆಯ ರೈತರು. ಮೊಬೈಲ್ ನೋಡಿ ಮರದ ಹೆಸರು ಹೇಳುವುದು ಅವರಿಗೆ ತಮಾಷೆ. ಬೆಂಗಳೂರಿನ ನಮ್ಮ ಬೀದಿಯಲ್ಲಿ ಪಿಂಕ್ ಟಬೆಬುಯಾ, ಮಳೆಮರ, ಗುಲ್‌ಮೊಹರ್‌ಗಳಿಗೆ ಆಪ್ ಥಟ್ಟನೆ ಉತ್ತರ ಕೊಡುತ್ತದೆ. ಅವು ಮೂರೂ ಹೊರದೇಶದ ಮರಗಳು. ಟಬೆಬುಯಾ, ಮಳೆಮರ ಅಮೆರಿಕ ಖಂಡದ ಬಿಸಿ ನಾಡಿನವು, ಗುಲ್‌ಮೊಹರ್ ಮಡಗಾಸ್ಕರಿನದು. ನಮ್ಮದೇ ಕಾಡಿನ ಮರಗಳ ಮುಂದೆ ಈ ಆಪ್‌ಗಳು ಹೇಗೆ ನಡೆದುಕೊಳ್ಳುತ್ತವೆ ನೋಡೋಣ ಅಂತಲೇ ಹೊರಟಿದ್ದು.

ಫೋನಿನಲ್ಲಿ ಮೂರು ಆಪ್ ಇಟ್ಟುಕೊಂಡಿದ್ದೆ. ಐನ್ಯಾಚುರಲಿಸ್ಟ್, ಪ್ಲಾಂಟ್‌ನೆಟ್, ಸೀಕ್. ಮೊದಲನೆಯದು 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು. ಪ್ಲಾಂಟ್‌ನೆಟ್ ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳದ್ದು. ಅದರಲ್ಲಿ ಎಲೆ, ಹೂ, ಹಣ್ಣು, ತೊಗಟೆ ಅಂತ ಯಾವ ಭಾಗದ ಚಿತ್ರ ಎಂದು ಆರಿಸಬಹುದು. ಯಾವ ಪ್ರದೇಶದ ಸಸ್ಯ ಎಂದೂ ಮೊದಲೇ ಆರಿಸಿಕೊಂಡರೆ ಒಳ್ಳೆಯದು, ಇಲ್ಲದಿದ್ದರೆ ಯುರೋಪಿನ ಓಕ್ ಮರವೆಲ್ಲ ಬಂದು ನಿಲ್ಲುತ್ತದೆ. ಸೀಕ್ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಘಟ್ಟದ ಕಡೆ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ.

ಉಳಿದುಕೊಂಡದ್ದು ಊರಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವಿನ ಮನೆಯಲ್ಲಿ. ಅಲ್ಲಿಗೆ ಹೋಗುವ ದಾರಿಯ ಎರಡೂ ಕಡೆ ಅಕೇಶಿಯಾ ನೆಡುತೋಪು. ಆಟೋ ಓಡುತ್ತಿರುವಾಗಲೇ ಒಂದು ಚಿತ್ರ ತೆಗೆದೆ. ಅಲುಗಾಡಿ ಮಸುಕಾಗಿತ್ತು. ಆದರೂ ಪ್ಲಾಂಟ್‌ನೆಟ್ ಸರಿಯಾಗಿಯೇ ಹೇಳಿತು, ಆಸ್ಟ್ರೇಲಿಯಾ ಕಡೆಯ ಅಕೇಶಿಯಾ. ನಾವು ಎಲೆ ಅಂದುಕೊಳ್ಳುವುದು ಅದರಲ್ಲಿ ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು. ಅಂಥದ್ದು ಸುತ್ತಮುತ್ತ ಬೇರೆ ಮರಕ್ಕೆ ಇಲ್ಲದ ಕಾರಣ ಆಪ್‌ಗೆ ಸುಲಭ. ಭಾವ, "ಸರಿ ಬಿಡು, ಪರದೇಶಿಗೆ ಪರದೇಶಿ ಗೊತ್ತಾಗುತ್ತೆ" ಅಂದರು.

ಮನೆಯ ಹಿಂದೆ ಬೆಟ್ಟ. ಶಿರಸಿ ಕಡೆ ಬೆಟ್ಟ ಅಂದರೆ ಗುಡ್ಡ ಹತ್ತುವ ಜಾಗ ಅಂತ ತಿಳಿಯಬೇಡಿ, ತೋಟಕ್ಕೆ ಸೊಪ್ಪು ತರುವ ಕಾಡು. ವರ್ಷ ವರ್ಷ ಸೊಪ್ಪು ಕಡಿದು ಕಡಿದು ಮರಗಳು ಕಂಬದ ಹಾಗೆ ನಿಂತಿರುತ್ತವೆ, ಮೈತುಂಬ ಚಿಗುರು ಗೊಂಚಲು. ಆಪ್‌ಗೆ ಮೊದಲ ಕಷ್ಟ ಇಲ್ಲೇ. ಕಡಿದ ಜಾಗದಲ್ಲಿ ಹೊಸದಾಗಿ ಬಂದ ಎಲೆ ಮಾಮೂಲಿ ಎಲೆಗಿಂತ ತುಂಬಾ ದೊಡ್ಡದು. ಒಂದೇ ಮತ್ತಿ ಮರದ ಬೇರೆ ಬೇರೆ ಕೊಂಬೆಯ ಎಲೆ ತೋರಿಸಿದರೆ ಬೇರೆ ಬೇರೆ ಉತ್ತರ ಬಂತು. ಒಂದರಲ್ಲಿ ಮತ್ತಿ ಇತ್ತು, ಆದರೆ ಪಟ್ಟಿಯ ಕೆಳಗಡೆ.

ಯಜಮಾನರು ಪಂಚೆ ಎತ್ತಿಕಟ್ಟಿಕೊಂಡು ನಮ್ಮ ಹಿಂದೆಯೇ ಬಂದಿದ್ದರು. "ಎಲೆ ಎಂತಕ್ಕೆ ನೋಡ್ತೀರಿ? ಮೈ ನೋಡಿ" ಅಂದರು. ಮತ್ತಿಯ ತೊಗಟೆ ಮೊಸಳೆ ಚರ್ಮದ ಹಾಗೆ ಚೌಕ ಚೌಕ ಬಿರಿದಿತ್ತು. ಪಕ್ಕದ ನಂದಿ ಮರದ ಮೈ ನುಣುಪು, ಬಿಳಿಚು, ತೆಳ್ಳಗೆ ಸಿಪ್ಪೆ ಏಳುತ್ತಿತ್ತು. ಕಿಂದಳದ ಬುಡದಲ್ಲಿ ತುಕ್ಕಿನ ಬಣ್ಣದ ಸಣ್ಣ ಸಣ್ಣ ಕಾಯಿ ರಾಶಿ ಬಿದ್ದಿತ್ತು. ಕಿಂದಳದ ಕಾಯಿಗೆ ಮೂರು ರೆಕ್ಕೆ, ಅದರಲ್ಲಿ ಒಂದು ಮಾತ್ರ ದೊಡ್ಡದು. ಮತ್ತಿಯ ಕಾಯಿಗೆ ಐದು ರೆಕ್ಕೆ. ಎರಡೂ ಒಂದೇ ಟರ್ಮಿನಾಲಿಯಾ ಗುಂಪಿನವು. ಕಾಯಿಯನ್ನು ಅಂಗೈ ಮೇಲಿಟ್ಟು ಹತ್ತಿರದಿಂದ ಚಿತ್ರ ತೆಗೆದು ಕೊಟ್ಟಾಗ ಆಪ್ ಎರಡನ್ನೂ ಬೇರೆ ಬೇರೆಯಾಗಿ ಸರಿಯಾಗಿ ಹೇಳಿತು. ಹೊನ್ನೆಯೂ ಹಾಗೆಯೇ. ಎಲೆ ತೋರಿಸಿದಾಗ ತಡವರಿಸಿದ್ದು, ಸುತ್ತಲೂ ಕಾಗದದಂಥ ಅಂಚಿರುವ ದುಂಡನೆಯ ಕಾಯಿ ತೋರಿಸಿದಾಗ ಒಂದೇ ಸಲಕ್ಕೆ ಹೇಳಿಬಿಟ್ಟಿತು. ಅಲ್ಲಿಂದ ಮುಂದೆ ನಾನು ಮರದ ತುದಿ ನೋಡುವುದು ಬಿಟ್ಟು ಬುಡದಲ್ಲಿ ಕೂತು ಹುಡುಕಲು ಶುರು ಮಾಡಿದೆ. ಆದರೆ ಕೆಳಗೆ ಬಿದ್ದದ್ದೆಲ್ಲ ಅದೇ ಮರದ್ದು ಆಗಿರಬೇಕಿಲ್ಲ. ಮೇಲೆ ಹಬ್ಬಿದ ಬಳ್ಳಿಯದ್ದೂ ಇರುತ್ತದೆ, ಗಾಳಿಗೆ ಪಕ್ಕದ ಮರದಿಂದ ಬಂದದ್ದೂ ಇರುತ್ತದೆ.

ಮಧ್ಯಾಹ್ನ ಊಟಕ್ಕೆ ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳ. ಅಪ್ಪೆಹುಳಿಯನ್ನು ಭಾವ ಲೋಟದಲ್ಲಿ ಹಾಕಿಸಿಕೊಂಡು ಕುಡಿದರು. ಆಮೇಲೆ ಮೂರು ಗಂಟೆ ಗಡದ್ದು ನಿದ್ದೆ.

ಸಂಜೆ ಆಲೆಮನೆ. ಈ ದಿನಗಳಲ್ಲಿ ಶಿರಸಿ, ಸಿದ್ದಾಪುರ ಕಡೆ ಬಂದವರು ಇದನ್ನು ಬಿಡಬಾರದು. ಗಾಣದಿಂದ ಇಳಿದ ಕಬ್ಬಿನ ಹಾಲಿಗೆ ಶುಂಠಿ, ಲಿಂಬೆ ಹಿಂಡಿ ಕೊಡುತ್ತಾರೆ, ಜೊತೆಗೆ ಮಂಡಕ್ಕಿ, ಮಿರ್ಚಿ. ಕುಡಿದಷ್ಟೂ ಹಾಕುತ್ತಾರೆ. ಒಲೆಗೆ ಸೌದೆ ಒಡ್ಡುತ್ತಿದ್ದ ಒಬ್ಬರು ಕೊರಡು ಎತ್ತಿದಾಗಲೆಲ್ಲ ಇದು ಯಾವ ಮರ ಅಂತ ಕೇಳಿದೆ. ಎಲೆ ಇಲ್ಲ, ಹೂ ಇಲ್ಲ, ಬೆಳಕೂ ಸರಿಯಾಗಿ ಇಲ್ಲ. "ಇದು ಮತ್ತಿ. ಇದು ಜಂಬೆ, ಭಾರ ನೋಡಿ. ಇದು ಕೌಲು, ಹೊಗೆ ಜಾಸ್ತಿ." ಕೈಯಲ್ಲಿ ಎತ್ತಿ ತೂಗುತ್ತಿದ್ದರು, ಚೆಕ್ಕೆ ಕಿತ್ತು ಮೂಗಿಗೆ ಹಿಡಿಯುತ್ತಿದ್ದರು. ನಾನೂ ಸುಮ್ನೆ ಒಂದು ಕೊರಡಿನ ಚಿತ್ರ ತೆಗೆದು ಆಪ್‌ಗೆ ಕೊಟ್ಟೆ. ಅದು ಅಣಬೆ ಅಂದಿತು. ಕೊರಡಿನ ಮೂಲೆಯಲ್ಲಿ ಬಿಳಿ ಅಣಬೆ ಇದ್ದದ್ದು ನಿಜ, ಪಾಪ.

ಶನಿವಾರ: ಬೆಟ್ಟ, ಸಹಸ್ರಲಿಂಗ

ಬೆಳಿಗ್ಗೆ ಬೆಳಕು ಓರೆಯಾಗಿ ಬೀಳುವಾಗ ತೊಗಟೆಯ ಚಿತ್ರ ಚೆನ್ನಾಗಿ ಬರುತ್ತದೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಮರದ ಕೆಳಗೆ ಬರೀ ಚುಕ್ಕಿ ಚುಕ್ಕಿ ಬೆಳಕು, ಕ್ಯಾಮೆರಾಗೂ ಕಷ್ಟ, ಆಪ್‌ಗೂ ಕಷ್ಟ. ಆದ್ದರಿಂದ ತಿಂಡಿಗೆ ಮೊದಲೇ ಇನ್ನೊಂದು ಸುತ್ತು ಬೆಟ್ಟ ಹತ್ತಿದೆವು.

ಝರಿಯ ಪಕ್ಕ ಒಂದು ಎತ್ತರದ ಮರ. ಉದ್ದನೆಯ ಎಲೆಗಳು ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಸೇರಿದ್ದವು. ಐನ್ಯಾಚುರಲಿಸ್ಟ್ ಜಾತಿ ಹೇಳಲಿಲ್ಲ, ಮಾವಿನ ಕುಟುಂಬ ಅಂತ ಮಾತ್ರ ಹೇಳಿತು. ನನಗೆ ಈ ಆಪ್‌ನಲ್ಲಿ ಇಷ್ಟವಾಗುವುದು ಇದೇ. ಖಾತ್ರಿ ಇಲ್ಲದಿದ್ದರೆ ಹಿಂದೆ ಸರಿದು ಕುಟುಂಬದ ಹೆಸರಿಗೆ ನಿಲ್ಲುತ್ತದೆ. ಭಾವನಿಗೆ ಅಷ್ಟು ಸಾಕಾಯಿತು. "ಮಾವಿನ ನೆಂಟನೇ?" ಅಂತ ಬುಡದಲ್ಲಿದ್ದ ಸಣ್ಣ ಗಿಡದ ಎಲೆ ಕಿತ್ತು, ಮಾವಿನ ವಾಸನೆ ಬರುತ್ತಾ ಅಂತ ಉಜ್ಜಿ ನೋಡಿದರು.

ಮೇಲಿನಿಂದ ಯಜಮಾನರು ಕೂಗಿದ್ದು ಕೇಳಿಸಿತು. ಆಗಲೇ ತಡವಾಗಿತ್ತು. ಅದು ಹೊಳೆಗೇರು. ಅದರ ಸೊನೆ ಗಾಳಿ ತಾಗಿದರೆ ಕಪ್ಪಾಗುತ್ತದೆ, ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ. ಯಜಮಾನರು ಕಡ್ಡಿಯಿಂದ ಎಲೆಯ ತೊಟ್ಟು ತೋರಿಸಿದರು, ಅಲ್ಲಿ ಎರಡು ಸಣ್ಣ ಎಳೆಯಂಥ ಕೊಂಬು. ಅದಿದ್ದರೆ ಮುಟ್ಟಬಾರದು. ಮಾವು, ಗೋಡಂಬಿ, ಹೊಳೆಗೇರು ಎಲ್ಲ ಒಂದೇ ಮನೆತನ, ಗೋಡಂಬಿ ಸಿಪ್ಪೆಯ ಎಣ್ಣೆ ಕೈ ಸುಡುವುದು ಗೊತ್ತಲ್ಲ. ಆಪ್ ತಪ್ಪು ಹೇಳಲಿಲ್ಲ. ಆದರೆ ಮುಟ್ಟಬೇಡಿ ಅಂತ ಅದಕ್ಕೆ ಹೇಳಲು ಬರುವುದಿಲ್ಲ. ಗೊತ್ತಿಲ್ಲದ ಮರದ ಎಲೆಯ ಹಿಂಬದಿ ನೋಡಬೇಕಾದರೆ ಈಗ ನಾನು ಉದ್ದ ಕಡ್ಡಿ ಬಳಸುತ್ತೇನೆ.

ಮನೆಗೆ ಬಂದಾಗ ಅಜ್ಜಿ ಭಾವನ ಕೈ ನೋಡಿ, "ಎಂತ ಮುಟ್ಟಿ ಬಂದ್ಯೋ ತಮ್ಮಾ" ಅಂತ ಸೋಪು ಹಚ್ಚಿ ತೊಳೆಸಿದರು. ಆಮೇಲೆ ತೆಂಗಿನೆಣ್ಣೆ ಬಳಿದರು. ಐವತ್ತು ದಾಟಿದ ಭಾವ ತಮ್ಮಾ ಅನ್ನಿಸಿಕೊಂಡು ಮೆತ್ತಗಾಗಿದ್ದರು. ದಕ್ಷಿಣ ಕನ್ನಡ ಕಡೆ ಇಂಥ ಮರದ ಗಾಳಿ ಬಡಿದರೆ ತಾರೆ ಮರಕ್ಕೆ ಸುತ್ತು ಬರುವ ಪದ್ಧತಿ ಇದೆ. ಅದನ್ನು ಹೇಳಿದ್ದೇ ತಡ, ಭಾವ "ತಾರೆ ಮರ ಎಲ್ಲಿದೆ, ನಿನ್ನ ಮೊಬೈಲಿಗೆ ಕೇಳು" ಅಂದರು. ಕೇಳಬೇಕಾಗಲಿಲ್ಲ, ಕೊಟ್ಟಿಗೆಯ ಹಿಂದೆಯೇ ಒಂದು ಇತ್ತು. ಭಾವ ಯಾರಿಗೂ ಕಾಣದ ಹಾಗೆ ಸುತ್ತು ಹಾಕಿ ಬಂದರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ.

ಸಹಸ್ರಲಿಂಗದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು, ಬೇಸಿಗೆ ಹತ್ತಿರವಾದಷ್ಟೂ ನೀರು ಇಳಿದು ಹೆಚ್ಚು ಕಾಣಿಸುತ್ತವೆ. ನನಗೆ ಅಲ್ಲಿ ಖುಷಿ ಕೊಟ್ಟದ್ದು ದಡದ ಹೊಂಗೆ, ನೇರಳೆ. ಅವು ಭಾವನಿಗೂ ಗೊತ್ತು, ಆಪ್‌ಗೂ ಗೊತ್ತು. ಜಗಳ ಇಲ್ಲ.

ರಾತ್ರಿ ಜಗುಲಿಯಲ್ಲಿ ಕೂತಾಗ ಯಜಮಾನರು ಒಂದು ಪ್ರಶ್ನೆ ಕೇಳಿದರು. ಹಿತ್ತಲಿನ ಅಶೋಕದ ಚಿತ್ರ ತೆಗೆದಿದ್ದೆ. ಸೀತೆ ಕೂತ ಅಶೋಕ ಅಂತಾರಲ್ಲ, ಕಿತ್ತಳೆ ಹೂವಿನದು. ಶಾಲೆಯ ಕಾಂಪೌಂಡಿನಲ್ಲಿ ಕಂಬದ ಹಾಗೆ ಬೆಳೆಯುವ ಮರ ಅದಲ್ಲ. ಹೂ ಬಿಟ್ಟಿದ್ದರಿಂದ ಆಪ್ ಕ್ಷಣದಲ್ಲಿ ಹೇಳಿತ್ತು. "ಇದನ್ನು ಅಪ್‌ಲೋಡ್ ಮಾಡಿದರೆ ಮರ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತಾಗ್ತದಲ್ಲ? ಅಶೋಕದ ಚೆಕ್ಕೆಗೆ ಎಷ್ಟು ಬೇಡಿಕೆ ಗೊತ್ತುಂಟಾ?" ಅವರ ಭಯ ಸುಳ್ಳಲ್ಲ. ಚೆಕ್ಕೆ ಔಷಧಕ್ಕೆ ಹೋಗುತ್ತದೆ, ಕಾಡಿನಲ್ಲಿ ಅಶೋಕ ಕಡಿಮೆಯಾಗಿದೆ. ಬೆಟ್ಟದ ರಾಮಪತ್ರೆ, ಉಪ್ಪಾಗೆಯದ್ದೂ ಅದೇ ಕಥೆ. ಕಾಯಿ ಬಲಿಯುವ ಮೊದಲೇ ಕೊಂಬೆ ಸಮೇತ ಕಡಿದು ಒಯ್ಯುವವರಿದ್ದಾರೆ.

ಅಪಾಯದಲ್ಲಿರುವ ಜಾತಿ ಎಂದು ಗುರುತಾದ ಸಸ್ಯಗಳ ನಿಖರ ಜಾಗವನ್ನು ಐನ್ಯಾಚುರಲಿಸ್ಟ್ ತಾನೇ ಮರೆಮಾಡುತ್ತದೆ, ನಕ್ಷೆಯಲ್ಲಿ ಹತ್ತಾರು ಕಿಲೋಮೀಟರ್ ಚೌಕದ ಒಳಗೆ ಎಲ್ಲೋ ಒಂದು ಚುಕ್ಕಿ ಕಾಣುತ್ತದೆ ಅಷ್ಟೇ. ಉಳಿದ ಮರಗಳಿಗೆ ನಾವೇ ಜಾಗ ಮುಚ್ಚಬಹುದು. ಯಜಮಾನರ ಎದುರಿಗೇ ಆ ಬೆಟ್ಟದ ಎಲ್ಲ ಚಿತ್ರಗಳಿಗೂ ಹಾಗೆ ಮಾಡಿ ತೋರಿಸಿದೆ. ಬೇರೆಯವರ ಜಮೀನಿನಲ್ಲಿ ಚಿತ್ರ ತೆಗೆದರೆ ಇಷ್ಟಾದರೂ ಮಾಡಬೇಕು. ಅವರು ಕನ್ನಡಕ ಏರಿಸಿ ನಕ್ಷೆಯನ್ನು ಹತ್ತಿರದಿಂದ ನೋಡಿ, "ಈಗ ಅಡ್ಡಿಲ್ಲ" ಅಂದರು. ಒಳಗಿನಿಂದ ತೆಳ್ಳನೆಯ ಸಿಹಿತಿಂಡಿ ತೊಡೆದೇವು ಬಂತು.

ಭಾನುವಾರ: ಕತ್ತಲೆಕಾನು

ಬೆಳಿಗ್ಗೆ ಭಾವನ ಮೊಣಕೈವರೆಗೆ ಬೊಕ್ಕೆ. ಸಿದ್ದಾಪುರದಲ್ಲಿ ಡಾಕ್ಟರಿಗೆ ತೋರಿಸಿ, ಮಾತ್ರೆ, ಮುಲಾಮು ತಗೊಂಡು ಮುಂದೆ ಹೊರಟೆವು. ತಾರೆ ಮರದ ವಿಷಯ ನಾನು ಎತ್ತಲಿಲ್ಲ.

ಮಾವಿನಗುಂಡಿ ದಾಟಿ ಹೊನ್ನಾವರದ ಕಡೆ ಇಳಿಯುವ ರಸ್ತೆ ಇದೆಯಲ್ಲ, ಅದರ ಸೊಗಸೇ ಬೇರೆ. ಜೋಗಕ್ಕೆ ಬಂದವರು ಜಲಪಾತ ನೋಡಿ ಹಿಂದೆ ತಿರುಗಿಬಿಡುತ್ತಾರೆ. ಇನ್ನೂ ಸ್ವಲ್ಪ ಮುಂದೆ ಬಂದರೆ ಎರಡೂ ಬದಿಯ ಮರಗಳು ರಸ್ತೆಯ ಮೇಲೆ ಕೂಡಿಕೊಳ್ಳುತ್ತವೆ, ಕಾರಿನೊಳಗೇ ತಂಪು ಗೊತ್ತಾಗುತ್ತದೆ. ಕತ್ತಲೆಕಾನು ಇರುವುದು ಅಲ್ಲಿಯೇ. ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಿಸಿದ ಅಘನಾಶಿನಿ ಕಾಡಿನ ಸೀಮೆ ಇದು. ಒಳಗೆ ಸುಮ್ಮನೆ ನುಗ್ಗುವ ಹಾಗಿಲ್ಲ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಕೇಳಿಕೊಂಡಿದ್ದೆವು, ಜೊತೆಗೆ ಒಬ್ಬ ವಾಚರ್ ಬಂದರು.

ಇಲ್ಲಿ ನೋಡಬೇಕಾದದ್ದು ಜೌಗು. ಕಾಡಿನ ನಡುವೆ ನಿಧಾನ ಹರಿಯುವ ತೊರೆ, ಅದರ ಕೆಸರಿನಲ್ಲಿ ಕಾಡುಜಾಯಿಕಾಯಿ ಜಾತಿಯ ಮರಗಳು. ಬೇರುಗಳು ಕೆಸರಿನಿಂದ ಮೇಲೆದ್ದು, ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗೆ ಇಳಿಯುತ್ತವೆ. ನೀರು ನಿಂತ ಮಣ್ಣಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಅದಕ್ಕೆ ಈ ಉಪಾಯ. ಮೊಣಕಾಲು ಬೇರಿನದು ಜಿಮ್ನಕ್ರಾಂತೆರಾ ಕೆನರಿಕಾ. ಇನ್ನೊಂದು, ಬುಡದಿಂದ ಸುತ್ತಲೂ ಊರುಗೋಲಿನ ಹಾಗೆ ಬೇರು ಇಳಿಸಿರುವುದು ಮಿರಿಸ್ಟಿಕಾ ಮ್ಯಾಗ್ನಿಫಿಕಾ. ಇವನ್ನು ನನಗೆ ಹೇಳಿದ್ದು ಆಪ್ ಅಲ್ಲ. ಹೊರಡುವ ಮೊದಲು ಓದಿಕೊಂಡು ಬಂದದ್ದು, ವಾಚರ್ ಬೇರು ತೋರಿಸಿದಾಗ ಹೊಂದಿಸಿಕೊಂಡದ್ದು.

ಆಪ್ ಇಲ್ಲಿ ಸೋತಿತು. ನೆಟ್‌ವರ್ಕ್ ಇಲ್ಲ, ಸೀಕ್ ಒಂದೇ ಗತಿ. ಅದು 'ಹೂ ಬಿಡುವ ಸಸ್ಯ' ಅನ್ನುವಲ್ಲಿಗೆ ನಿಂತುಬಿಡುತ್ತಿತ್ತು. ಮರಗಳು ಅಷ್ಟೆತ್ತರ, ಎಲೆ ಕಣ್ಣಿಗೇ ಸರಿಯಾಗಿ ಕಾಣುವುದಿಲ್ಲ. ಬಿದ್ದ ಎಲೆಗಳೋ, ಎಲ್ಲ ಒಂದೇ ಥರ. ಮಳೆ ಜಾಸ್ತಿ ಇರುವ ಕಾಡಿನಲ್ಲಿ ಎಷ್ಟೋ ಮರಗಳ ಎಲೆ ಉದ್ದ, ನುಣುಪು, ತುದಿ ಚೂಪು. ಕೆಳಗಿದ್ದ ಎಲೆಗಳನ್ನು ಬಿಳಿ ಕರ್ಚೀಫಿನ ಮೇಲೆ ಹರಡಿ ಮುಂಬದಿ, ಹಿಂಬದಿ ಚಿತ್ರ ತೆಗೆದುಕೊಂಡೆ. ಸಂಜೆ ನೆಟ್‌ವರ್ಕ್ ಸಿಕ್ಕಾಗ ಪ್ಲಾಂಟ್‌ನೆಟ್‌ಗೆ ಕೊಟ್ಟರೆ ಒಂದಕ್ಕೆ ಮಾವು, ಇನ್ನೊಂದಕ್ಕೆ ದಕ್ಷಿಣ ಅಮೆರಿಕದ ಯಾವುದೋ ಮರ.

ಇದರಲ್ಲಿ ಆಶ್ಚರ್ಯ ಇಲ್ಲ. ಈ ಆಪ್‌ಗಳು ಕಲಿಯುವುದು ಜನ ತೆಗೆದು ಹಾಕಿದ ಚಿತ್ರಗಳಿಂದ. ಒಂದು ಜಾತಿ ಕಲಿಯಬೇಕಾದರೆ ಐನ್ಯಾಚುರಲಿಸ್ಟ್‌ಗೆ ಸುಮಾರು 100 ಚಿತ್ರವಾದರೂ ಬೇಕು. ಫೋನ್ ಹಿಡಿದ ಜನ ಓಡಾಡುವುದು ಪಾರ್ಕಿನಲ್ಲಿ, ಬೀದಿಯಲ್ಲಿ. ಅವರು ಚಿತ್ರ ತೆಗೆಯುವುದು ಹೂ ಬಿಟ್ಟ ಮರದ್ದು. ಇಲ್ಲಿಯದೇ ಹೆಸರಿಟ್ಟ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅನ್ನುವ ಮರವಿದೆ. ಹೊಸ ಜಾತಿ ಅಂತ 2000ದಲ್ಲಿ ಲೋಕಕ್ಕೆ ತಿಳಿದದ್ದು, ಇರುವುದೇ ಬೆರಳೆಣಿಕೆಯ ಜೌಗುಗಳಲ್ಲಿ. ಅದರ 100 ಚಿತ್ರ ಎಲ್ಲಿಂದ ಬರಬೇಕು? ಟಬೆಬುಯಾ ಕೆಳಗೆ ಸೆಲ್ಫಿ ತೆಗೆದ ಜನ ಒಂದು ದಿನಕ್ಕೇ ಅಷ್ಟು ತೆಗೆದಿರುತ್ತಾರೆ.

ಅದೂ ಗೇರಿನ ಬಳಗದ ಮರವೇ. ಅದನ್ನು ಹೇಳಿದೊಡನೆ ಭಾವ ಎರಡೂ ಕೈ ಜೇಬಿಗೆ ಹಾಕಿಕೊಂಡರು.

ವಾಚರ್ ಒಂದು ಮರದ ಹಳೆಯ ಗಾಯ ತೋರಿಸಿದರು. ಒಣಗಿದ ಕೆಂಪು ರಸ, ರಕ್ತ ಹರಿದು ಹೆಪ್ಪುಗಟ್ಟಿದಂತೆ. "ಈ ಜಾತಿದೆಲ್ಲ ಹಿಂಗೇ ಸರ್. ನಾವು ರಾತ್ರಿ ಬಂದ್ರೂ ಇದ್ರ ಮೇಲೇ ಗುರ್ತು ಹಿಡೀತೀವಿ." ನೀರಡಿಕೆಗೆ ಏನಾದರೂ ಕೊಡುವ ಅಂಗಡಿ ಹತ್ತಿರ ಎಲ್ಲೂ ಇಲ್ಲ, ಬಾಟಲಿಯ ನೀರನ್ನು ಮೂವರೂ ಹಂಚಿಕೊಂಡೆವು. ಪವರ್ ಬ್ಯಾಂಕ್ ಅಷ್ಟರಲ್ಲಿ ಖಾಲಿ. ನೆಟ್‌ವರ್ಕ್ ಇಲ್ಲದ ಕಡೆ ಫೋನ್ ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ತಿನ್ನುತ್ತದೆ. ಕಾಡಿಗೆ ಹೋಗುವಾಗ ಫ್ಲೈಟ್ ಮೋಡ್‌ಗೆ ಹಾಕಿ, ಬರೀ ಕ್ಯಾಮೆರಾದಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಲೊಕೇಶನ್ ಆನ್ ಇಟ್ಟಿದ್ದರೆ ಜಾಗದ ಗುರುತು ಚಿತ್ರದ ಜೊತೆಗೇ ಉಳಿಯುತ್ತದೆ, ಅಪ್‌ಲೋಡ್ ಆಮೇಲೆ ಮಾಡಿದರಾಯಿತು.

ಸೋಮವಾರ: ಹೊನ್ನಾವರ

ಘಟ್ಟ ಇಳಿದೊಡನೆ ಸೆಕೆ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಕಡೆ ಕಾಂಡ್ಲಾ ಕಾಡಿನೊಳಗೆ, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳ ನಡುವೆ, ಮರದ ಸೇತುವೆ ಮಾಡಿದ್ದಾರೆ, ಕೆಸರು ಮೆಟ್ಟದೆ ಓಡಾಡಬಹುದು. ಇಳಿತದ ಹೊತ್ತು ನೋಡಿಕೊಂಡು ಹೋದರೆ ಬೇರು ಚೆನ್ನಾಗಿ ಕಾಣುತ್ತವೆ.

ನಿನ್ನೆ ಮೂಕವಾಗಿದ್ದ ಆಪ್‌ಗೆ ಇಲ್ಲಿ ಬಾಯಿ ಬಂತು. ಬಾಗಿದ ಬೇರಿನದು ರೈಜೋಫೊರಾ, ಕೆಸರಿನಿಂದ ಪೆನ್ಸಿಲಿನಷ್ಟು ಗಾತ್ರದ ಬೇರುಗಳು ಮೇಲೆದ್ದಿರುವುದು ಅವಿಸೆನ್ನಿಯಾ. ಎರಡೂ ಒಂದೇ ಯತ್ನಕ್ಕೆ. ಕಾಂಡ್ಲಾದಲ್ಲಿ ಜಾತಿಗಳೇ ಕಡಿಮೆ, ಮರ ಕೈಗೆಟುಕುವಷ್ಟು ಕುಳ್ಳು, ಮತ್ತೆ ಇವೇ ಜಾತಿಗಳು ಎಷ್ಟೋ ದೇಶಗಳ ತೀರದಲ್ಲಿ ಇರುವುದರಿಂದ ಚಿತ್ರಗಳಿಗೆ ಬರವಿಲ್ಲ. ರೈಜೋಫೊರಾದ ಬೀಜ ಮರದಲ್ಲೇ ಮೊಳಕೆ ಒಡೆದು ಉದ್ದ ಹಸಿರು ಕೋಲಾಗಿ ನೇತಾಡುತ್ತದೆ. ಅದೊಂದು ಚಿತ್ರ ಸಾಕು. ಅವಿಸೆನ್ನಿಯಾದ ಎಲೆ ಉಪ್ಪು ಹೊರಹಾಕುತ್ತದೆ, ನಾಲಿಗೆಗೆ ತಾಗಿಸಿದರೆ ಗೊತ್ತಾಗುತ್ತದೆ. ಭಾವ ತಾಗಿಸಲಿಲ್ಲ.

ಏಡಿ ಬುಟ್ಟಿ ಹಿಡಿದು ಬಂದ ಹೆಂಗಸೊಬ್ಬರು ನಮ್ಮನ್ನು ನೋಡಿ ನಿಂತರು. "ಮೀನು ಬ್ಯಾಡ್ವಾ, ಎಲೆ ಚಿತ್ರ ಬೇಕಾ?" ಅಂತ ನಕ್ಕರು. ಕಾಂಡ್ಲಾ ಬುಡದಲ್ಲೇ ಏಡಿ, ಸೀಗಡಿ ಮರಿ ಬೆಳೆಯುವುದಂತೆ. ಗಿಡ ಇರುವ ಕಡೆ ಬುಟ್ಟಿ ತುಂಬುತ್ತದೆ, ಬೋಳು ದಂಡೆಯಲ್ಲಿ ಇಲ್ಲ ಅಂದರು. ಮೀನು ಬೇಕೇ ಬೇಕಿತ್ತು. ಮಧ್ಯಾಹ್ನ ಬಂಗಡೆ ಫ್ರೈ, ಕುಚ್ಚಲಕ್ಕಿ ಅನ್ನ, ಕೋಕಂ ಕಡಿ. ಭಾವ ಎಡಗೈಯಲ್ಲಿ ತಿಂದರು.

ಊರಿಗೆ ಬಂದ ಮೇಲೆ

ಚಿತ್ರಗಳನ್ನೆಲ್ಲ ನಿಧಾನವಾಗಿ ಐನ್ಯಾಚುರಲಿಸ್ಟ್‌ಗೆ ಏರಿಸಿದೆ. ಯಂತ್ರ ಕೈಚೆಲ್ಲಿದ ಕಡೆ ಮನುಷ್ಯರು ಬರುತ್ತಾರೆ. ಯಾರೋ ಸಸ್ಯಶಾಸ್ತ್ರ ಬಲ್ಲವರು ಹೊಳೆಗೇರಿನ ಚಿತ್ರಕ್ಕೆ ಹೆಸರು ಹಾಕಿ, ತೊಟ್ಟಿನ ಕೊಂಬು ಕಾಣುವ ಇನ್ನೊಂದು ಚಿತ್ರ ಇದೆಯಾ ಅಂತ ಕೇಳಿದರು. ಇತ್ತು, ಹಾಕಿದೆ. ನೋಡಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಹೆಸರು ಒಪ್ಪಿದರೆ ಅದು ಸಂಶೋಧನೆಗೆ ಬಳಸಬಹುದಾದ ದಾಖಲೆ ಆಗುತ್ತದೆ. ಆ ಚಿತ್ರ ಆಯಿತು. ಕಿಂದಳ, ಹೊನ್ನೆ ಆದವು. ಕತ್ತಲೆಕಾನಿನ ಕರ್ಚೀಫಿನ ಮೇಲಿನ ಎಲೆಗಳು ಇನ್ನೂ ಹಾಗೇ ಕೂತಿವೆ. ಹೂ ಬಿಡುವ ಕಾಲಕ್ಕೆ ಇನ್ನೊಮ್ಮೆ ಅನುಮತಿ ಕೇಳಬೇಕು.

ಹೋದ ವಾರ ಭಾವ ಫೋನ್ ಮಾಡಿದ್ದರು. ಕೈ ವಾಸಿಯಾಗಿದೆ, ಮಗಳ ಕೈಯಲ್ಲಿ ಆಪ್ ಹಾಕಿಸಿಕೊಂಡಿದ್ದಾರೆ, ಹೊಲದ ಮರಗಳನ್ನೆಲ್ಲ ತೋರಿಸುತ್ತಿದ್ದಾರೆ. ಹೊಂಗೆ, ಬೇವು, ಹಲಸು ಎಲ್ಲ ಸರಿ ಹೇಳಿತಂತೆ. ಹುಣಸೆಯನ್ನೂ ಸರಿಯಾಗಿಯೇ ಹೇಳಿತು, ಆದರೆ ಪಕ್ಕದಲ್ಲಿ ಹೊರಗಿನಿಂದ ಬಂದದ್ದು ಅಂತ ಗುರುತು ಹಾಕಿತು. ಹುಣಸೆಯ ಮೂಲ ಆಫ್ರಿಕಾ, ಇಲ್ಲಿಗೆ ಬಂದು ಬಹಳ ಕಾಲವಾಗಿದೆ ಅಂದೆ. ಭಾವ ಒಪ್ಪಲಿಲ್ಲ. "ನಮ್ಮ ತಾತನ ತಾತ ಕಟ್ಟೆ ಕಟ್ಟಿಸಿದ ಮರ ಕಣೋ ಅದು. ಅದನ್ನ ಸರಿ ಮಾಡೋದು ಹೆಂಗೆ, ಮೊದ್ಲು ಹೇಳು" ಅಂತ ಅರ್ಧ ಗಂಟೆ ಹಿಡಿದು ಕೂರಿಸಿದರು.